ಹುಟ್ಟು ಹಿಡಿದ ಟೆಲಿವಿಷನ್ ಮಂದಿ

ಲಂಡನ್ನಿನ ಪಟ್ನಿ ಸೇತುವೆಯಿಂದ ಸ್ವಲ್ಪ ಮೇಲಕ್ಕೆ, ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ದೋಣಿಮನೆಗಳ ಒಂದು ಸಾಲೇ ಇದೆ. ಕೆಳಗೆ ದೋಣಿ, ಮೇಲೆ ಬಾರು. ಅಂಥದೊಂದು ಹುಟ್ಟು ಹಾಕುವವರ ಕ್ಲಬ್ಬಿಗೆ ನಾನು ಸೇರಿದ್ದು ನಲವತ್ತು ದಾಟಿದ ಮೇಲೆ. ಜಿಮ್ಮಿನ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತ ಓಡುವುದು ಬೇಸರ ತಂದಿತ್ತು. ನಮ್ಮದು ತಡವಾಗಿ ಕಲಿತವರ ತಂಡ: ಒಬ್ಬರು ನಿವೃತ್ತ ಗಣಿತ ಮೇಷ್ಟರು, ಇಬ್ಬರು ವಕೀಲರು, ಒಬ್ಬ ಹಲ್ಲಿನ ಡಾಕ್ಟರು, ಹೀಗೆ. ವೇಗಕ್ಕಿಂತ ಅಭಿಪ್ರಾಯ ಹೆಚ್ಚು. ಒಂದು ವಸಂತದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ನಮ್ಮನ್ನು ಕರೆದು, ಮಕ್ಕಳ ಆಸ್ಪತ್ರೆಯೊಂದರ ನಿಧಿಗಾಗಿ ಟೆಲಿವಿಷನ್ ಮಂದಿಯ ತಂಡದ ಎದುರು ನೀವು ಪಂದ್ಯಕ್ಕೆ ಇಳಿಯಬೇಕು ಎಂದರು. ಕ್ಲಬ್ಬಿನ ವೇಗದ ತಂಡವನ್ನು ಇಳಿಸಿದರೆ ತಮಾಷೆ ಉಳಿಯುವುದಿಲ್ಲವಂತೆ, ಅದಕ್ಕೆ ನಾವು. ಇದನ್ನು ಹೊಗಳಿಕೆ ಎಂದು ತೆಗೆದುಕೊಂಡವರು ವಕೀಲರು ಮಾತ್ರ.

ಊರಿಗೆ ಫೋನ್ ಮಾಡಿ ಹೇಳಿದೆ. “ಟಿವಿಯವರು ಎಂದರೆ ಯಾರು, ಧಾರಾವಾಹಿಯವರೋ?” ಎಂದು ಅಮ್ಮ ಕೇಳಿದಳು.

“ಒಬ್ಬರು ಧಾರಾವಾಹಿಯವರು, ಒಬ್ಬರು ಅಡುಗೆಯ ತೀರ್ಪುಗಾರರು, ಒಬ್ಬರು ರಸಪ್ರಶ್ನೆ ನಡೆಸುವವರು. ಇನ್ನೊಬ್ಬರು ಮಳೆ ಬರುತ್ತದೆಯೋ ಇಲ್ಲವೋ ಎಂದು ಹೇಳುವವರು.”

“ಆ ಊರಿನಲ್ಲಿ ಮಳೆ ಬರುತ್ತದೆ ಎಂದು ಹೇಳಲಿಕ್ಕೂ ಒಬ್ಬರು ಬೇಕೇ?” ಎಂದಳು. ಆಮೇಲೆ, ಗಂಗೊಳ್ಳಿಯಲ್ಲಿ ಹುಟ್ಟಿದ ಹುಡುಗಿ ದೋಣಿ ಕಲಿಯಲು ಲಂಡನ್ನಿನಲ್ಲಿ ದುಡ್ಡು ಕಟ್ಟುವ ವಿಚಾರವನ್ನು ಎಂದಿನಂತೆ ಎತ್ತಿದಳು.

ಥೇಮ್ಸ್ ಮೇಲೆ ನಾಟಕದವರಿಗೂ ಅಂಬಿಗರಿಗೂ ಇರುವ ನಂಟು ಮಾತ್ರ ಹಳೆಯದು. ಥಾಮಸ್ ಡಾಗೆಟ್ ಎಂಬ ಹಾಸ್ಯನಟ, ಡ್ರೂರಿ ಲೇನ್ ರಂಗಮಂದಿರದ ವ್ಯವಸ್ಥಾಪಕರಲ್ಲಿ ಒಬ್ಬ, 1715ರಲ್ಲಿ ಇಲ್ಲಿನ ಯುವ ಅಂಬಿಗರಿಗಾಗಿ ಒಂದು ಪಂದ್ಯ ಹೂಡಿದ. ಲಂಡನ್ ಸೇತುವೆಯಿಂದ ಚೆಲ್ಸಿಯವರೆಗೆ ಹುಟ್ಟು ಹಾಕಬೇಕು. ಗೆದ್ದವನಿಗೆ ಬಣ್ಣದ ಕೋಟು ಮತ್ತು ತೋಳಿಗೆ ಕಟ್ಟುವ ದೊಡ್ಡ ಬೆಳ್ಳಿಯ ಬಿಲ್ಲೆ. ಆ ಪಂದ್ಯ ಇಂದಿಗೂ ನಡೆಯುತ್ತಿದೆ, ಗೆದ್ದವರು ಕೆಂಪು ಕೋಟಿನಲ್ಲಿ ಓಡಾಡುತ್ತಾರೆ. ಆಗ ನದಿಗೆ ಸೇತುವೆಗಳು ಕಡಿಮೆ. ದಾಟಬೇಕಾದ ನಟರಿಗೂ ಪ್ರೇಕ್ಷಕರಿಗೂ ಅಂಬಿಗನೇ ಗತಿ. ಆ ಪಂದ್ಯದ ದಾರಿಯಲ್ಲೇ, ಲ್ಯಾಂಬೆತ್ ದಂಡೆಯಲ್ಲಿ, 2015ರಿಂದ ನಮ್ಮ ಬಸವಣ್ಣನ ಪ್ರತಿಮೆ ಇದೆ. ಜೊತೆಗೆ ಶರಣ ಅಂಬಿಗರ ಚೌಡಯ್ಯನನ್ನೂ ನಿಲ್ಲಿಸಿದ್ದರೆ ಜಾಗಕ್ಕೆ ಇನ್ನೂ ಒಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಈಚಿನ ಕಾಲಕ್ಕೆ ಬಂದರೆ, ಅಮೆರಿಕದ ಆಸ್ಪತ್ರೆ ಧಾರಾವಾಹಿಯೊಂದರಲ್ಲಿ ಕುಂಟುತ್ತ ನಡೆಯುವ ಸಿಡುಕು ಡಾಕ್ಟರನಾಗಿ ಎಲ್ಲರಿಗೂ ಪರಿಚಿತರಾದ ಹ್ಯೂ ಲಾರಿ ಮೊದಲು ಹುಟ್ಟು ಹಿಡಿದವರು. 1980ರ ಆಕ್ಸ್‌ಫರ್ಡ್–ಕೇಂಬ್ರಿಜ್ ಪಂದ್ಯದಲ್ಲಿ ಕೇಂಬ್ರಿಜ್ ದೋಣಿಯಲ್ಲಿದ್ದರು, ಕೂದಲೆಳೆಯಲ್ಲಿ ಸೋತರು. ಅವರ ತಂದೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಬ್ಬರ ದೋಣಿಯ ಚಿನ್ನ ಗೆದ್ದವರು. ಆ ಪ್ರಸಿದ್ಧ ಪಂದ್ಯ ಶುರುವಾಗುವುದು ನಮ್ಮ ದೋಣಿಮನೆಗಳ ಪಕ್ಕದ ಕಲ್ಲಿನಿಂದ, 6.8 ಕಿಲೋಮೀಟರ್ ಮೇಲೆ, ಮಾರ್ಟ್‌ಲೇಕ್‌ನಲ್ಲಿ ಅದರ ಕೊನೆ. ಬಿಬಿಸಿ ಅದನ್ನು ರೇಡಿಯೊದಲ್ಲಿ 1927ರಿಂದ, ಟೆಲಿವಿಷನ್ನಿನಲ್ಲಿ 1938ರಿಂದ ಬಿತ್ತರಿಸಿತು. 1949ರಲ್ಲಿ ವೀಕ್ಷಕ ವಿವರಣೆಕಾರ ಜಾನ್ ಸ್ನ್ಯಾಗ್ ಕುಳಿತಿದ್ದ ಲಾಂಚಿನ ಎಂಜಿನ್ ಕೆಟ್ಟು ಹಿಂದೆ ಬಿತ್ತು. ಯಾರು ಮುಂದಿದ್ದಾರೋ ಕಾಣುತ್ತಿಲ್ಲ, ಆಕ್ಸ್‌ಫರ್ಡ್ ಇರಬೇಕು ಇಲ್ಲವೇ ಕೇಂಬ್ರಿಜ್ ಇರಬೇಕು ಎಂದು ಅವರು ನಾಡಿಗೆಲ್ಲ ಹೇಳಿಬಿಟ್ಟರು. ನದಿಯನ್ನೂ ಪ್ರಸಾರವನ್ನೂ ಒಟ್ಟಿಗೆ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ನಮಗೆ ಸಿಗುವಂತಿರಲಿಲ್ಲ.

ಟೆಲಿವಿಷನ್ ತಂಡಕ್ಕೆ ಕಲಿಸುವ ಕೆಲಸವೂ ನಮ್ಮ ತಲೆಗೇ ಬಂತು. ಎದುರಾಳಿಗೆ ನಾವೇ ಪಾಠ ಹೇಳಬೇಕು! ಮೊದಲ ಸಂಜೆ ಎಂಟು ಮಂದಿಯೂ ಹೊಳೆಯುವ ಹೊಸ ಬಟ್ಟೆಯಲ್ಲಿ ಬಂದರು. ಮೊದಲು ಈಜು ಪರೀಕ್ಷೆ. ಆಮೇಲೆ ಎರ್ಗ್ ಎಂಬ ಯಂತ್ರದ ಮೇಲೆ ಕುಳಿತು ಸರಪಳಿ ಎಳೆಯುವ ಶಿಕ್ಷೆ. ನೋಡುವವರು ಇದನ್ನು ತೋಳಿನ ಆಟ ಎಂದುಕೊಳ್ಳುತ್ತಾರೆ. ಬಲದ ಬಹುಪಾಲು ಬರುವುದು ಕಾಲಿನಿಂದ. ಸೀಟಿಗೆ ಗಾಲಿಗಳಿವೆ, ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ; ಮಂಡಿ ಮಡಿಸಿ ಬಂದು, ಹುಟ್ಟನ್ನು ನೀರಿಗೆ ಇಳಿಸಿ, ಮೊದಲು ಕಾಲಿನಿಂದ ಒದ್ದು, ಆಮೇಲೆ ಬೆನ್ನು, ಕೊನೆಗೆ ತೋಳು. ಹಿಂದಿರುಗುವಾಗ ಇದೇ ಕ್ರಮ ತಿರುಗುಮುರುಗು. ಅಡುಗೆಯ ತೀರ್ಪುಗಾರರು ಎಲ್ಲವನ್ನೂ ಒಂದೇ ಸಲ ಮಾಡಿದರು. ಯಂತ್ರ ನೆಲದ ಮೇಲೆ ಮುಂದಕ್ಕೆ ಸರಿದುಹೋಯಿತು.

ದೋಣಿಯನ್ನು ಹೊತ್ತು ನೀರಿಗೆ ಇಳಿಸುವುದೂ ಒಂದು ಕಲೆ. ಎಂಟು ಜನರ ದೋಣಿ ಹದಿನೇಳು ಮೀಟರಿಗಿಂತ ಉದ್ದ. ತೂಕ ನೂರು ಕಿಲೋ ಆಸುಪಾಸು, ಅಂದರೆ ಆಳಿಗೆ ಹನ್ನೆರಡು ಕಿಲೋ. ಭಾರ ದೊಡ್ಡದಲ್ಲ, ತಿರುವು ದೊಡ್ಡದು: ಮುಂದಿನವನು ಅರ್ಧ ಹೆಜ್ಜೆ ಬಲಕ್ಕೆ ಇಟ್ಟರೆ ಹಿಂದಿನ ತುದಿ ರಸ್ತೆ ದಾಟುತ್ತದೆ. ಪಟ್ನಿಯಲ್ಲಿ ಗಂಬೂಟು ಹಾಕಿಕೊಂಡು ಮೊಣಕಾಲಿನವರೆಗೆ ನೀರಿಗೆ ಇಳಿದು ದೋಣಿ ಹತ್ತುತ್ತೇವೆ. ಬೂಟುಗಳನ್ನು ದಂಡೆಯ ಮೇಲೆ ಎತ್ತರಕ್ಕೆ ಎಸೆಯಬೇಕು. ಇದನ್ನು ಎರಡು ಸಲ ಹೇಳಿದ್ದೆವು. ಆದರೂ ರಸಪ್ರಶ್ನೆಯವರು ತಮ್ಮ ಬೂಟುಗಳನ್ನು ನೀರಿನ ಅಂಚಿನಲ್ಲಿ ಜೋಡಿಯಾಗಿ, ಅಂದವಾಗಿ ಇಟ್ಟರು. ನಾವು ಮರಳುವ ಹೊತ್ತಿಗೆ ಉಬ್ಬರ ಏರಿತ್ತು. ಬೂಟುಗಳು ಹ್ಯಾಮರ್‌ಸ್ಮಿತ್ ಸೇತುವೆಯ ದಿಕ್ಕಿಗೆ ಹೊರಟಿದ್ದವು, ಅದೂ ಅವರ ದೋಣಿಗಿಂತ ನೇರವಾಗಿ.

ಈ ಉಬ್ಬರದ ಬಗ್ಗೆ ಹೇಳಲೇಬೇಕು. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಸಮುದ್ರ ಸೇರುವಲ್ಲಿ ಬೆಳೆದವಳಿಗೆ ಉಬ್ಬರವಿಳಿತ ಹೊಸದಲ್ಲ. ಆದರೆ ನಮ್ಮಲ್ಲಿ ನೀರು ಏರುವುದು ಒಂದೆರಡು ಮೀಟರ್. ಇಲ್ಲಿ ಲಂಡನ್ ಸೇತುವೆಯ ಬಳಿ ದೊಡ್ಡ ಉಬ್ಬರದ ದಿನ ಏಳು ಮೀಟರ್ ಏರಿಳಿಯುತ್ತದೆ. ಸಮುದ್ರದಿಂದ ಎಷ್ಟೋ ದೂರವಿರುವ ಪಟ್ನಿಯಲ್ಲೂ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ನದಿ ರಸ್ತೆಗೆ ಬರುತ್ತದೆ. ಫಲಕ ಓದದೆ ದಂಡೆಯಲ್ಲಿ ಕಾರು ನಿಲ್ಲಿಸಿದವರು ತಿರುಗಿ ಬಂದು ಬಾಗಿಲು ತೆರೆದರೆ ಒಳಗಿಂದ ನೀರು ಸುರಿಯುತ್ತದೆ. ದೋಣಿಮನೆಗಳ ಬಾಲ್ಕನಿಯಿಂದ ಇದನ್ನು ನೋಡುವುದು ಇಲ್ಲಿ ಒಂದು ಋತುಮಾನದ ಮನರಂಜನೆ. ಆದ್ದರಿಂದ ಪಂದ್ಯದ ಸಮಯವನ್ನು ಟೆಲಿವಿಷನ್ನಿನವರು ನಿಗದಿ ಮಾಡುವಂತಿಲ್ಲ, ಚಂದ್ರ ನಿಗದಿ ಮಾಡುತ್ತಾನೆ. ಬಂದರು ಪ್ರಾಧಿಕಾರದ ಅನುಮತಿ ಅದರ ಮೇಲೆ. ಕಾರ್ಯಕ್ರಮದ ನಿರ್ಮಾಪಕಿ ‘ಅರ್ಧ ಗಂಟೆ ಮುಂದೂಡಲು ಆಗುವುದಿಲ್ಲವೇ, ಬೆಳಕು ಚೆನ್ನಾಗಿರುತ್ತದೆ’ ಎಂದು ಕೇಳಿದಾಗ ನಮ್ಮ ಕೋಚ್ ಏನೂ ಹೇಳದೆ ಉಬ್ಬರದ ಪಟ್ಟಿಯನ್ನು ಅವರ ಕೈಗೆ ಕೊಟ್ಟರು.

ನೀರು ಕೊಳಕು ಎನ್ನುವುದನ್ನೂ ಮುಚ್ಚಿಡಲಿಲ್ಲ. ಕೈಯಲ್ಲಿ ಗಾಯವಿದ್ದರೆ ಅಂಟುಪಟ್ಟಿ ಹಾಕಿ, ಬಂದ ಕೂಡಲೇ ಕೈ ತೊಳೆಯಿರಿ, ಸ್ನಾನ ಮಾಡಿ. ಇಲಿಯ ಮೂತ್ರದಿಂದ ಹರಡುವ ಜ್ವರದ ಭಯವಿದೆ ಎಂದು ಎಲ್ಲ ಹೊಸಬರಿಗೂ ಹೇಳುತ್ತೇವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗದ್ದೆ ಕೆಲಸದವರು ಹೆದರುವ ಅದೇ ಇಲಿಜ್ವರ. ಧಾರಾವಾಹಿಯಲ್ಲಿ ಶಸ್ತ್ರಚಿಕಿತ್ಸಕರ ಪಾತ್ರ ಮಾಡುವವರು ಅದರ ಲಕ್ಷಣಗಳನ್ನು ಪಟಪಟನೆ ಹೇಳಿದರು. ನಮ್ಮ ನಿಜವಾದ ಹಲ್ಲಿನ ಡಾಕ್ಟರಿಗೆ ಅಸಮಾಧಾನವಾಯಿತು.

ಮೊದಮೊದಲ ಸಂಜೆಗಳಲ್ಲಿ ನಾವು ನಿಶ್ಚಿಂತರಾಗಿದ್ದೆವು. ನಾಲ್ವರು ಹುಟ್ಟು ಹಾಕಿದರೆ ಉಳಿದ ನಾಲ್ವರು ಅಲಗುಗಳನ್ನು ನೀರಿನ ಮೇಲೆ ಮಲಗಿಸಿ ದೋಣಿ ವಾಲದಂತೆ ಹಿಡಿಯಬೇಕು. ಅಷ್ಟಕ್ಕೇ ಅವರು ಏದುತ್ತಿದ್ದರು. ಹಳೆಯ ಪೀಠೋಪಕರಣಗಳಿಗೆ ಬೆಲೆ ಕಟ್ಟುವ ಕಾರ್ಯಕ್ರಮದವರೊಬ್ಬರು ಹುಟ್ಟಿನ ಹಿಡಿಯನ್ನೇ ಪರೀಕ್ಷಿಸುತ್ತ ಕುಳಿತು ಎರಡು ಸಲ ತಾಳ ತಪ್ಪಿಸಿದರು. ಆದರೆ ದಿನ ಕಳೆದಂತೆ ಏನೋ ಆಗತೊಡಗಿತು. ಎಂಟೂ ಹುಟ್ಟುಗಳು ಒಂದೇ ಸದ್ದಿನಲ್ಲಿ ನೀರಿಗೆ ಇಳಿಯತೊಡಗಿದವು. ನಮ್ಮ ದೋಣಿಯಲ್ಲಿ ಆ ಸದ್ದು ಬರಲು ವರ್ಷಗಳು ಹಿಡಿದಿದ್ದವು. ಬಂದ ಮೇಲೂ ಅದು ಅತಿಥಿಯಾಗಿಯೇ ಇತ್ತು.

ಇದರ ಗುಟ್ಟು ನನಗೆ ತಿಳಿದದ್ದು, ಅವರಲ್ಲೊಬ್ಬರು ಬಾರದ ದಿನ ಅವರ ದೋಣಿಯಲ್ಲಿ ಕುಳಿತಾಗ. ಎಂಟು ಜನರ ದೋಣಿಯಲ್ಲಿ ಹುಟ್ಟು ಹಾಕುವವರೆಲ್ಲ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ದಾರಿ ಕಾಣುವುದು ಒಬ್ಬರಿಗೆ ಮಾತ್ರ: ಹಿಂತುದಿಯಲ್ಲಿ ನಮ್ಮ ಕಡೆ ಮುಖ ಮಾಡಿ ಕುಳಿತು ಚುಕ್ಕಾಣಿ ಹಿಡಿದ ಕಾಕ್ಸ್‌ಗೆ. ಕಾಕ್ಸ್‌ನ ತಲೆಗೆ ಮೈಕು, ಸೀಟುಗಳ ಕೆಳಗೆ ಪುಟ್ಟ ಸ್ಪೀಕರುಗಳು. ಟೆಲಿವಿಷನ್ ತಂಡಕ್ಕೆ ಕಾಕ್ಸ್ ಆಗಿ ಕ್ಲಬ್ಬು ಕೊಟ್ಟದ್ದು ಹದಿನೇಳು ವರ್ಷದ ಒಬ್ಬ ಹುಡುಗಿಯನ್ನು. ದೇಶದ ಅರ್ಧ ಮನೆಗಳಿಗೆ ಗೊತ್ತಿರುವ ಮುಖಗಳನ್ನು ಅವಳು ಸೀಟಿನ ಸಂಖ್ಯೆಯಿಂದ ಕರೆಯುತ್ತಿದ್ದಳು. “ಮೂರು, ತಡ. ಆರು, ಕೈ ಮೇಲೆ. ಎರಡು, ದಂಡೆ ನೋಡಬೇಡಿ.” ಅವಳು ಹೇಳಿದ್ದು ಮರುಕ್ಷಣವೇ ಆಗುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ, ‘ಆದರೆ’ ಎನ್ನುತ್ತಿರಲಿಲ್ಲ.

ಆಮೇಲೆ ಹವಾಮಾನದವರು ವಿವರಿಸಿದರು. ನೇರ ಪ್ರಸಾರದಲ್ಲಿ ಅವರ ಕಿವಿಯಲ್ಲಿ ಸದಾ ಒಂದು ಧ್ವನಿ ಇರುತ್ತದೆ: ಇನ್ನು ಇಪ್ಪತ್ತು ಸೆಕೆಂಡು, ಸ್ಕಾಟ್ಲೆಂಡ್ ಬಿಡಿ, ಹತ್ತು, ಮುಗಿಸಿ. ಬಾಯಿ ಒಂದು ವಾಕ್ಯ ಹೇಳುತ್ತಿರಬೇಕು, ಕಿವಿ ಇನ್ನೊಂದು ಕೇಳಬೇಕು, ಮುಖದಲ್ಲಿ ಏನೂ ಕಾಣಬಾರದು. ಕಾಣದವರೊಬ್ಬರ ಮಾತನ್ನು ಪ್ರಶ್ನಿಸದೆ ನಂಬುವುದು ಅವರ ಕಸುಬಿನ ಮೊದಲ ಪಾಠ. ನಮ್ಮ ಸ್ಥಿತಿ ಬೇರೆ. ನಮ್ಮ ಕಾಕ್ಸ್ ‘ಎಡಕ್ಕೆ ಬಲ ಹೆಚ್ಚಿಸಿ’ ಎಂದರೆ ಮೇಷ್ಟರು ಬಲಕ್ಕೆ ಕಡಿಮೆ ಮಾಡುವುದು ಲೇಸಲ್ಲವೇ ಎನ್ನುತ್ತಿದ್ದರು, ವಕೀಲರಿಬ್ಬರು ಎರಡು ಪಕ್ಷ ಹಿಡಿಯುತ್ತಿದ್ದರು, ಅಷ್ಟರಲ್ಲಿ ದೋಣಿ ಲಂಗರು ಹಾಕಿದ ಹಡಗಿನ ಪಕ್ಕಕ್ಕೆ ಬಂದಿರುತ್ತಿತ್ತು. ಕ್ಯಾಮೆರಾದ ಮುಂದೆ ಮೆರೆಯುವವರು ದೋಣಿಯಲ್ಲೂ ಮೆರೆದಾಡುತ್ತಾರೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಎಂಟು ಜನರಲ್ಲಿ ಕರಗಿಹೋಗುವುದು ಅವರಿಗೇ ಸುಲಭವಾಗಿತ್ತು.

ಪಂದ್ಯದ ದಿನ ಹವಾಮಾನದವರು ಬೆಳಗ್ಗೆಯೇ ಹೇಳಿದ್ದರು: ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಏಳುತ್ತದೆ, ಏರುವ ಉಬ್ಬರಕ್ಕೆ ಅದು ಎದುರು, ಅಲೆ ಬರುತ್ತದೆ. ಆಕಾಶ ತಿಳಿಯಾಗಿತ್ತು. ನಮ್ಮಲ್ಲಿ ಒಬ್ಬರೂ ನಂಬಲಿಲ್ಲ. ಮೂರು ಗಂಟೆಗೆ ಗಾಳಿ ಬಂತು, ಕಂದು ನೀರಿನ ಮೇಲೆ ಬಿಳಿ ನೊರೆ ಕಾಣಿಸಿತು. ದಂಡೆಯ ತುಂಬ ಜನ. ಅವರಿಗೆ ಬೇಕಾದದ್ದು ಅಡುಗೆಯ ತೀರ್ಪುಗಾರರು ನೀರಿಗೆ ಬೀಳುವ ದೃಶ್ಯ. ಸುಮಾರು ಐನೂರು ಮೀಟರ್ ದೂರ, ಎರಡು ಓಟ. ಮೊದಲನೆಯದರಲ್ಲಿ ಟೆಲಿವಿಷನ್ ದೋಣಿಗೆ ಹತ್ತು ಸೆಕೆಂಡು ಮುಂಚೆ ಬಿಡುವ ರಿಯಾಯಿತಿ.

ನಾನು ನಾಲ್ಕನೆಯ ಸೀಟು. ನನ್ನ ಪ್ರಪಂಚವೆಂದರೆ ಐದನೆಯ ಸೀಟಿನಲ್ಲಿರುವ ಮೇಷ್ಟರ ಬೆನ್ನು. ಆ ಕುತ್ತಿಗೆಯ ಬಿಸಿಲುಗೆಂಪು, ಬಲಕಿವಿಯ ಹಿಂದಿನ ಮಚ್ಚೆ, ಕಾಲರಿನ ಬಳಿ ಬಿಚ್ಚಿಕೊಂಡ ಹೊಲಿಗೆ ಎಲ್ಲ ನನಗೆ ಬಾಯಿಪಾಠ. ಧ್ವಜ ಇಳಿಯಿತು, ಹೊರಟೆವು. ಅರ್ಧ ದಾರಿಗೆ ಅವರ ಪಕ್ಕಕ್ಕೆ ಬಂದೆವು. ನನ್ನ ಎಡಗಣ್ಣಿನಂಚಿಗೆ ಅವರ ಹುಟ್ಟುಗಳು ಕಂಡವು. ನಮ್ಮ ಕಾಕ್ಸ್ ಒಂದೊಂದೇ ಸೀಟನ್ನು ಹಿಂದಿಕ್ಕುತ್ತಿದ್ದುದನ್ನು ಕೂಗಿ ಹೇಳುತ್ತಿದ್ದ. ಗೆದ್ದೇಬಿಟ್ಟೆವು ಎನ್ನುವಾಗ ಪಕ್ಕದ ದೋಣಿಯಿಂದ ರಸಪ್ರಶ್ನೆಯವರ ಆ ಪರಿಚಿತ ಕಂಠ ನೀರಿನ ಮೇಲೆ ತೇಲಿಬಂತು:

“ಮಂಗೋಲಿಯದ ರಾಜಧಾನಿ?”

“ಉಲಾನ್‌ಬಾತರ್!” ಎಂದರು ಮೇಷ್ಟರು. ನಲವತ್ತು ವರ್ಷ ತರಗತಿಯಲ್ಲಿ ಕಳೆದವರು ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಹೇಗೆ? ತಲೆ ಒಂದಿಷ್ಟು ಪಕ್ಕಕ್ಕೆ ತಿರುಗಿತು, ಅಲಗು ಓರೆಯಾಗಿ ಅಲೆಯೊಳಗೆ ಹೊಕ್ಕು ಸಿಕ್ಕಿಕೊಂಡಿತು. ಇಲ್ಲಿನವರು ಇದನ್ನು ಏಡಿ ಹಿಡಿಯುವುದು ಎನ್ನುತ್ತಾರೆ. ದೋಣಿ ಮುಂದೆ ಹೋಗುತ್ತಿರುತ್ತದೆ, ನೀರು ಹುಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಹನ್ನೆರಡು ಅಡಿಯ ಹುಟ್ಟಿನ ಹಿಡಿ ಒನಕೆಯಂತೆ ಎದೆಗೆ ಬಡಿಯುತ್ತದೆ. ಮೇಷ್ಟರು ಅಂಗಾತ ಬಿದ್ದರು, ತಲೆ ನನ್ನ ಮಂಡಿಗಳ ಮೇಲೆ. ಆ ಸ್ಥಿತಿಯಲ್ಲೂ ನನ್ನ ಮುಖ ನೋಡಿ, “ಸರಿ ಉತ್ತರ ತಾನೇ?” ಎಂದು ಕೇಳಿದರು. ದೋಣಿ ಎಡಕ್ಕೆ ವಾಲಿ, ಐದನೆಯ ಸೀಟಿನವರ ಹುಟ್ಟು ಏಳನೆಯವರ ಹುಟ್ಟಿಗೆ ತಗುಲಿ, ಒಟ್ಟು ರಂಪ. ಮತ್ತೆ ಸರಿಪಡಿಸಿಕೊಂಡು ಎಳೆದೆವು. ದೋಣಿಯ ಮೂತಿಯ ತುದಿಗೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಬಿಳಿ ರಬ್ಬರ್ ಚೆಂಡು ಇರುತ್ತದೆ. ಢಿಕ್ಕಿಯಾದರೆ ಯಾರಿಗೂ ಇರಿಯದಿರಲಿ ಎಂದು. ಗೆಲುವು ನೋಡುವುದೂ ಅದರಿಂದಲೇ. ಅವರ ಚೆಂಡು ಗೆರೆಯನ್ನು ನಮ್ಮದಕ್ಕಿಂತ ಒಂದಾಳುದ್ದ ಮುಂಚೆ ದಾಟಿತ್ತು. ಪಂದ್ಯದ ತೀರ್ಪುಗಾರರು ‘ಒಂದು ಕ್ಯಾನ್ವಾಸ್’, ಅಂದರೆ ದೋಣಿಯ ಮೂತಿಯ ಮುಚ್ಚಿದ ಭಾಗದಷ್ಟು, ಎಂದು ಘೋಷಿಸಿದರು. ಹ್ಯೂ ಲಾರಿಯವರ ದೋಣಿ ಸೋತದ್ದೂ ಇಷ್ಟೇ ಅಂತರದಲ್ಲಿ ಎಂದು ವಕೀಲರೊಬ್ಬರು ಸಮಾಧಾನ ಹೇಳಿದರು. ಯಾರಿಗೂ ಸಮಾಧಾನವಾಗಲಿಲ್ಲ.

ಎರಡನೆಯ ಓಟದಲ್ಲಿ ರಿಯಾಯಿತಿ ಇರಲಿಲ್ಲ. ಮೇಷ್ಟರು ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಎರಡು ದೋಣಿಯುದ್ದ ಮುಂದಾಗಿ ಗೆದ್ದೆವು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ, ಚೆನ್ನಾಗಿ ಹುಟ್ಟು ಹಾಕಿದಾಗ ಕಥೆ ಹುಟ್ಟುವುದೇ ಇಲ್ಲ. ಒಂದು–ಒಂದು ಸಮ. ಮೂರನೆಯದು ಆಗಲಿ ಎಂದು ದಂಡೆಯವರು ಕೂಗಿದರು. ಅಷ್ಟರಲ್ಲಿ ಉಬ್ಬರ ತುಂಬಿ ನಿಂತು ನೀರು ಹಿಂದೆ ಸರಿಯಲು ಶುರುವಾಗಿತ್ತು. ಇಳಿತ ಆರಂಭವಾದರೆ ಯಾವ ದೋಣಿ ಯಾವ ಬದಿಯಲ್ಲಿ ಹೋಗಬೇಕು ಎಂಬ ನದಿಯ ನಿಯಮವೇ ಬದಲಾಗುತ್ತದೆ. ಲಾಂಚಿನಲ್ಲಿದ್ದ ತೀರ್ಪುಗಾರರು ಕೈ ಅಡ್ಡ ಆಡಿಸಿದರು. 1877ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಕೂಡ ಸಮ ಮಾಡಿಕೊಂಡಿದ್ದವು. 1912ರಲ್ಲಿ ಎರಡೂ ದೋಣಿಗಳಿಗೆ ನೀರು ತುಂಬಿ ಪಂದ್ಯವನ್ನೇ ಮತ್ತೆ ನಡೆಸಬೇಕಾಯಿತು. ಆ ಲೆಕ್ಕದಲ್ಲಿ ನಾವು ಒಣಗಿಯೇ ಬಂದವರು. ಅಡುಗೆಯ ತೀರ್ಪುಗಾರರು ಮಾತ್ರ ದಂಡೆಗೆ ಬಂದು ದೋಣಿಯಿಂದ ಕಾಲು ಹೊರಗಿಡುವಾಗ ಜಾರಿ ಸೊಂಟದವರೆಗೆ ಮುಳುಗಿದರು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೆ ಬಿತ್ತು.

ಕಾರ್ಯಕ್ರಮ ಪ್ರಸಾರವಾದಾಗ ಕ್ಲಬ್ಬಿನ ಬಾರಿನಲ್ಲಿ ಎಲ್ಲರೂ ಸೇರಿ ನೋಡಿದೆವು. ಮೊದಲ ಓಟ ಪೂರ್ತಿ ಇತ್ತು. ಉಲಾನ್‌ಬಾತರ್ ನಿಧಾನಗತಿಯಲ್ಲಿ ಮತ್ತೆ ಬಂತು. ಜಾರಿ ಬಿದ್ದದ್ದು ಮೂರು ಕೋನಗಳಿಂದ ಬಂತು. ಎರಡನೆಯ ಓಟ ಇರಲೇ ಇಲ್ಲ. ನಿರ್ಮಾಪಕಿಗೆ ನಮ್ಮ ವಕೀಲರು ಸೌಜನ್ಯದಿಂದಲೇ ಪತ್ರ ಬರೆದರು. ‘ಕಥೆಗೆ ಅದು ಬೇಕಾಗಿರಲಿಲ್ಲ’ ಎಂದು ಅಷ್ಟೇ ಸೌಜನ್ಯದ ಉತ್ತರ ಬಂತು. ಅವರ ದೃಷ್ಟಿಯಿಂದ ಅದು ಸರಿಯೇ ಇರಬೇಕು. ಹಣವಂತೂ ಚೆನ್ನಾಗಿ ಕೂಡಿತು.

ಮೇಷ್ಟರು ಈಗ ಹುಟ್ಟು ಬಿಟ್ಟು ಹೊಸಬರಿಗೆ ಎರ್ಗ್ ಪಾಠ ಹೇಳುತ್ತಾರೆ, ಅಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು. ಐದನೆಯ ಸೀಟಿಗೆ ಹವಾಮಾನದವರು ಬಂದಿದ್ದಾರೆ, ಸದಸ್ಯತ್ವದ ಹಣ ಕಟ್ಟಿ, ಉಳಿದವರಂತೆಯೇ. ಅವರ ಬೆನ್ನು ಒಂದಿಷ್ಟೂ ಅಲುಗುವುದಿಲ್ಲ. ಅವರಿಗೆ ಸ್ಟುಡಿಯೊ ಕೆಲಸ ಇರುವ ವಾರಗಳಲ್ಲಿ ಉಬ್ಬರ ಅನುಕೂಲವಾಗಿದ್ದರೆ ನಮ್ಮ ಅಭ್ಯಾಸ ಬೆಳಗಿನ ಐದೂವರೆಗೇ ಶುರು. ಇದಕ್ಕೆ ಯಾರ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ. ಕಾಕ್ಸ್ ಹೇಳಿದ, ನಾವು ಬಂದೆವು.